ಅವ್ವ ಕಟ್ಟಿಸಿದ ಹನಿಗಾಡಿ

ಆ ದಿನಗಳಲ್ಲಿ ಕಬ್ಬೂರಿನ ನಮ್ಮ ಮನೆಗೆ ವರ್ಷಕ್ಕೆ ಐದು ತಿಂಗಳು ಬೀಗ ಬೀಳುತ್ತಿತ್ತು. ದೀಪಾವಳಿ ಪಾಡ್ಯದ ದಿನ ಕುರಿಗಳಿಗೆ ಬಣ್ಣ ಹಚ್ಚಿ, ಓಣಿಯ ತುಂಬ ಓಡಿಸಿ, ಸಂಜೆ ಹೋಳಿಗೆ ಉಂಡರೆ ನಮ್ಮ ಹಬ್ಬ ಮುಗಿಯಿತು. ಮರುದಿನ ಬೆಳಿಗ್ಗೆ ಹಿಂಡು ಮುಂದೆ, ನಾವು ಹಿಂದೆ. ಮೊದಲು ನಿಪ್ಪಾಣಿ ಕಡೆಯ ತಂಬಾಕಿನ ಹೊಲಗಳು, ಅಲ್ಲಿಂದ ತಿರುಗಿ ರಾಯಬಾಗ, ಆಮೇಲೆ ಕೃಷ್ಣೆ ದಾಟಿ ಕಾಗವಾಡ, ಅಥಣಿ. ಹೊಲದವರು ಕರೆದು ಕುರಿ ತರುಬಿಸಿಕೊಳ್ಳುತ್ತಿದ್ದರು. ಅಂದರೆ ರಾತ್ರಿ ಅವರ ಹೊಲದಲ್ಲೇ ಹಿಂಡು ಕೂಡಬೇಕು, ಹಿಕ್ಕೆ ಅವರ ಮಣ್ಣಿಗೆ ಬೀಳಬೇಕು. ಬದಲಿಗೆ ನಮಗೆ ಜೋಳ, ಒಂದಿಷ್ಟು ರೊಕ್ಕ. ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರುತ್ತಿತ್ತು, ನಾನಿರುತ್ತಿರಲಿಲ್ಲ.

ಮಲಗುವುದಕ್ಕೆ ಎರಡು ಕೋಲು, ಮೇಲೊಂದು ಕಂಬಳಿ, ಕೆಳಗೊಂದು ಕಂಬಳಿ. ನನಗೆ ಅದು ಖುಷಿಯೇ ಆಗಿತ್ತು. ಆದರೆ ನಾನು ಮೂರನೇ ಇಯತ್ತೆಯಲ್ಲಿದ್ದ ವರ್ಷ ರಾಯಬಾಗದ ಹತ್ತಿರ ಅಕಾಲದ ಮಳೆ ಹೊಡೆಯಿತು. ಆಗ ನನ್ನ ತಮ್ಮ ಮಾಳು ಎರಡು ತಿಂಗಳ ಕೂಸು. ಕಂಬಳಿ ನೆನೆದು, ಕೂಸು ನೆನೆದು, ಎದೆ ಕಟ್ಟಿತು. ಎಂಟು ದಿನ ದವಾಖಾನೆಯಲ್ಲಿ ಅವ್ವ ಅವನನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಅಲ್ಲಿಯ ಡಾಕ್ಟರು ಎಲ್ಲರೆದುರು ಅವಳಿಗೆ ಕೇಳಿದರು: “ಹಸುಗೂಸನ್ನ ಬಯಲಾಗ ಮಲಗಿಸ್ತಾರೇನ? ನೀ ತಾಯಿ ಹೌದೋ ಅಲ್ಲೋ?” ಮಾಳು ಉಳಿದ. ಆ ಮಾತು ಅವ್ವನೊಳಗೆ ಮುಳ್ಳಾಗಿ ಉಳಿಯಿತು.

ಮರುವರ್ಷ ದಸರೆ ಮುಗಿಯುತ್ತಲೇ ಅವ್ವ ಅಪ್ಪನಿಗೆ ಹೇಳಿದಳು: “ತಲಿ ಮ್ಯಾಲ ಸೂರು ಇಲ್ಲದ ಈ ವರ್ಷ ನಾ ಹೆಜ್ಜಿ ಕಿತ್ತಿಡಂಗಿಲ್ರಿ.”

ಅಪ್ಪ ನಕ್ಕ. “ಕುರಿ ಕಾಯೋರು ಬಾಗಲಾ ಹಾಕ್ಕೊಂಡ್ ಮಲಗಿದ್ರ ತ್ವಾಳ ನಕ್ಕೋತ ಬರತೈತಿ.”

“ನೀವು ಹೊರಗ ಮಲಗ್ರಿ. ತ್ವಾಳನ ಕೂಡ ನೀವೂ ನಗ್ರಿ. ನನ್ನ ಕೂಸಿಗಿ ಬಾಗಲಾ ಬೇಕು.”

ಅವಳು ಮಾಳುವನ್ನು ಸೊಂಟಕ್ಕೆ ಏರಿಸಿ, ನನ್ನ ಕೈ ಹಿಡಿದು, ಶಿರಗುಪ್ಪಿಗೆ ಹೋಗುವ ಬಸ್ಸು ಹತ್ತಿದಳು. ಅಲ್ಲಿ ಅವಳ ತಮ್ಮ, ನನ್ನ ಸಿದ್ದುಮಾಮಾ, ರಸ್ತೆ ಪಕ್ಕದ ಶೆಡ್ಡಿನಲ್ಲಿ ಕಬ್ಬಿನ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಹಂಗಾಮು ಶುರುವಾಗುವ ಹೊತ್ತು. ಮುರಿದ ಟ್ರೇಲರುಗಳು ಸಾಲಾಗಿ ನಿಂತಿದ್ದವು. ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿಸಿಹಿ ನಾತ, ಶೆಡ್ಡಿನಲ್ಲಿ ಸುಟ್ಟ ಕಬ್ಬಿಣದ ನಾತ. ಎರಡೂ ಸೇರಿ ಮೂಗಿನಲ್ಲಿ ಕೂತರೆ ಸಂಜೆ ಊಟದಲ್ಲೂ ಅದೇ ರುಚಿ.

ಮಾಮಾ ಅಕ್ಕನ ಮಾತು ಕೇಳಿ ನಗಲಿಲ್ಲ. ಬೇರೆ ದೇಶದವರು ಗಾಡಿಯ ಹಿಂದೆ ಕಟ್ಟಿಕೊಂಡು ಕಾಡು ಸುತ್ತುವ ಪುಟ್ಟ ಮನೆಯ ಚಿತ್ರವನ್ನು ಅವನು ಎಲ್ಲೋ ನೋಡಿದ್ದನಂತೆ. “ಮುಂದ ಗುಂಡಗ, ಹಿಂದ ಇಳಿಜಾರ. ನೀರಿನ ಹನಿ ಅಡ್ಡ ಬಿದ್ದಂಗ ಇರತೈತಿ ಅಕ್ಕಾ. ಗಾಳಿ ಹಿಡಿಯಂಗಿಲ್ಲ, ಮಳಿ ನಿಲ್ಲಂಗಿಲ್ಲ. ಮೋಟರ್‌ಸೈಕಲ್ಲಿಗೇ ಕೊಂಡಿ ಹಾಕಿ ಎಳೀಬೌದು.”

“ಎಷ್ಟು ದೊಡ್ಡದಿರಬೇಕು?” ಎಂದು ಅವನು ಅಳತೆ ಟೇಪು ತೆಗೆದರೆ ಅವ್ವ ಶೆಡ್ಡಿನ ನೆಲ ಗುಡಿಸಿ ಸೀದಾ ಮಲಗಿಬಿಟ್ಟಳು. ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ಮಾಳು. “ಸುತ್ತ ಗೆರಿ ಹೊಡಿ ಸಿದ್ದ್ಯಾ.”

ಮಾಮಾ ಸೀಮೆಸುಣ್ಣ ಹಿಡಿದು ನಮ್ಮ ಸುತ್ತ ಗೆರೆ ಎಳೆದ. ಎಳೆದು ಕೇಳಿದ: “ಇದರಾಗ ಇವಳಪ್ಪನ ಜಾಗಾ ಎಲ್ಲೈತಿ?”

“ಅವರು ಬಯಲಾಗ ನಗಾಕ ಹೋಗ್ಯಾರ,” ಎಂದಳು ಅವ್ವ. ಆಮೇಲೆ ತಾನೇ ಎದ್ದು ಗೆರೆಯನ್ನು ಒಂದು ಮೊಳ ಆಚೆ ಸರಿಸಿದಳು.

ಹದಿನೈದು ದಿನ ಕೆಲಸ ನಡೆಯಿತು. ಕೆಟ್ಟು ನಿಂತಿದ್ದ ಮೂರು ಗಾಲಿಯ ಟೆಂಪೊದಿಂದ ಹಿಂದಿನ ಗಾಲಿ ಮತ್ತು ಕುಲುಕಾಟ ತಡೆಯುವ ಉಕ್ಕಿನ ಪಾಟಾಗಳು ಬಂದವು. ಎರಿಮಣ್ಣಿನ ಹೊಲ, ಕಾಲುವೆ ಏರಿ, ಕಲ್ಲುದಾರಿ ಎಲ್ಲ ದಾಟಬೇಕಲ್ಲ. ತಳ ನೆಲದಿಂದ ಮೊಣಕಾಲೆತ್ತರ ನಿಂತಿತು. ಮಾಮಾ ಕಬ್ಬಿಣದ ಪೈಪನ್ನು ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಒತ್ತಿ ಒತ್ತಿ ಬಾಗಿಸಿ ಹನಿಯ ಆಕಾರ ತಂದ. ಹೊರಗೆ ತಗಡು, ಒಳಗೆ ಪ್ಲೈವುಡ್. ನಡುವಿನ ಸಂದಿಗೆ ಏನು ತುಂಬುವುದು ಎಂದು ಅವನು ಯೋಚಿಸುತ್ತಿದ್ದಾಗ ಅವ್ವ ಊರಿನಿಂದ ಎರಡು ಚೀಲ ಉಣ್ಣೆ ತರಿಸಿದಳು. ನಮ್ಮದೇ ಕುರಿಗಳ ಉಣ್ಣೆ. ನುಸಿ ಹಿಡಿಯದಿರಲೆಂದು ಒಣ ಬೇವಿನ ಎಲೆ ಬೆರೆಸಿ, ಹಿಂಜಿ, ಸಂದಿಗೆ ತುಂಬುವ ಕೆಲಸ ನನ್ನದು. ನನ್ನ ಕೈ ಸಣ್ಣದು, ಮೂಲೆಗೂ ಹೋಗುತ್ತಿತ್ತು. “ಇಕಿ ಇರದಿದ್ರ ಗಾಡಿ ಅರ್ಧಾ ಖಾಲಿ ಇರತಿತ್ತ ನೋಡ,” ಎಂದು ಮಾಮಾ ಹೇಳಿದ್ದಕ್ಕೆ ನಾನು ಮೂರು ದಿನ ಗತ್ತಿನಿಂದ ತಿರುಗಿದೆ.

ಹಿಂಬದಿಯ ಇಳಿಜಾರಿಗೆ ಮೇಲೆತ್ತುವ ಮುಚ್ಚಳ. ಎತ್ತಿ ಕೋಲು ಕೊಟ್ಟರೆ ಅದೇ ಚಪ್ಪರ, ಅದರಡಿ ಅಡಿಗೆಮನೆ: ಹಿಟ್ಟಿನ ಡಬ್ಬಿಗೆ ಒಂದು ಗೂಡು, ಅಗಸಿ ಹಿಂಡಿಗೆ ಒಂದು, ಹಂಚು ಸಿಗಿಸಲು ಕೊಕ್ಕೆ. ಮಗ್ಗುಲಿಗೆ ಒಂದೇ ಬಾಗಿಲು, ಒಳಗಿನಿಂದ ಹಾಕುವ ಚಿಲಕ. ಬಣ್ಣ ಯಾವುದೆಂದು ಮಾಮಾ ನನ್ನನ್ನೇ ಕೇಳಿದ. ಹಸಿರು ಎಂದೆ. ಡಬ್ಬದಲ್ಲಿ ಉಳಿದಿದ್ದದ್ದು ಟ್ರೇಲರಿಗೆ ಹೊಡೆಯುವ ಕೆಂಪು. ಹಾಗಾಗಿ ಬಾಗಿಲು ಹಸಿರು, ಉಳಿದದ್ದೆಲ್ಲ ಕೆಂಪು.

ಅಪ್ಪ ಮೋಟರ್‌ಸೈಕಲ್ ತಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಒಳಗೆ ಬಗ್ಗಿ ನೋಡಿ, “ನನಗೂ ಜಾಗಾ ಐತಲ್ಲ!” ಎಂದ. ಅವ್ವನ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಆ ಎರಡೂವರೆ ತಿಂಗಳು ನಾವು ಅರಸರ ಹಾಗಿದ್ದೆವು. ನಿಪ್ಪಾಣಿ ಕಡೆ ಮಂಜು ಬೀಳುವ ಮುಂಜಾನೆ ಬಾಗಿಲು ಸರಿಸಿದರೆ ತಂಬಾಕಿನ ಘಾಟು, ಕುರಿ ಹಾಲಿನ ಚಹಾದ ಹಬೆ, ಮುಚ್ಚಳದಡಿ ಅವ್ವನ ರೊಟ್ಟಿ ಬಡಿಯುವ ಸಪ್ಪಳ. ಹೋದ ಹೋದ ಊರಲ್ಲಿ ಮಕ್ಕಳು ಗಾಡಿ ನೋಡಲು ಬರುತ್ತಿದ್ದರು. ನಾನು ಒಬ್ಬೊಬ್ಬರನ್ನೇ ಒಳಗೆ ಬಿಟ್ಟು, ಒಳಗೇ ಗಜಗ ಆಡಿಸಿ, ಸೋತವರನ್ನು ಇಳಿಸುತ್ತಿದ್ದೆ. ಎರಿಮಣ್ಣಿನಲ್ಲಿ ಗಾಲಿ ಹೂತರೆ ಅವ್ವ ಮತ್ತು ನಾನು ಹಿಂದಿನಿಂದ ನೂಕುವುದು, ಅಪ್ಪ ಮುಂದೆ ಮೋಟರ್‌ಸೈಕಲ್ ಎಬ್ಬಿಸುವುದು, ಮುಖದ ತುಂಬ ಕೆಸರು. ಒಮ್ಮೆ ಮಳೆಯೂ ಬಂತು. ತಗಡಿನ ಮೇಲೆ ಕಾಳು ಸುರಿದಂತೆ ಸದ್ದು. ಮಾಳು ನಿದ್ದೆಯಲ್ಲಿ ಬೆರಳು ಚೀಪುತ್ತಿದ್ದ. ಅವ್ವ ಅವನ ಎದೆ ಮುಟ್ಟಿ ನೋಡಿ, ಬೆಚ್ಚಗಿದೆಯೆಂದು ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ಟಳು.

ಅಥಣಿ ಕಡೆ ಒಬ್ಬ ಸಾವುಕಾರರ ಹೊಲಕ್ಕೆ ನಮ್ಮನ್ನು ಕರೆದಿದ್ದರು. ದ್ರಾಕ್ಷಿತೋಟ ದೊಡ್ಡದು, ಪಕ್ಕದಲ್ಲಿ ಖಾಲಿ ಹೊಲ. ಅಲ್ಲಿಗೆ ಹೋದ ಮೂರನೇ ದಿನ ಅವ್ವ ಮಾಳುವಿಗೆ ಸೂಜಿ ಹಾಕಿಸಲು ಅಥಣಿಗೆ ಹೋಗಿದ್ದಳು. ನಾನು ಗಾಡಿಯ ಹತ್ತಿರ ಅಪ್ಪನ ಜೊತೆಗಿದ್ದೆ. ಸಾವುಕಾರರ ಮಗ ಜೀಪಿನಲ್ಲಿ ಬಂದ. ಗಾಡಿಯ ಬಾಗಿಲು ತೆಗೆದು, ಕಾಲಿನ ಬೂಟನ್ನೂ ಬಿಚ್ಚದೆ ಹಾಸಿಗೆಯ ಮೇಲೆ ಅಡ್ಡಾದ.

“ಬೀರಪ್ಪಾ, ಭಾರಿ ಐತಲ್ಲೋ ಇದು! ನಮ್ಮ ದೋಸ್ತ್ರು ಬಂದಾರ. ಹೊಳಿ ದಂಡಿಗಿ ಹೊಂಟೀವಿ. ಒಂದ್ ದಿನಾ ಕೊಡು.”

ಅಪ್ಪ ತಲೆ ತುರಿಸಿಕೊಂಡ. ನಾನು ಅವನ ಧೋತರ ಜಗ್ಗಿದೆ. “ಅಪ್ಪಾ, ಅವ್ವಗ ಕೇಳು.”

“ಸುಮ್ಕಿರ ಬೇ!” ಎಂದ ಅಪ್ಪ. ಆಮೇಲೆ ಆ ಹುಡುಗನ ಕಡೆ ತಿರುಗಿ, ನನ್ನ ಜೊತೆ ಎಂದೂ ಆಡದ ಮೆತ್ತನೆ ದನಿಯಲ್ಲಿ, “ಒಯ್ರಿ ಸಣ್ಣ ಸಾವ್ಕಾರ್ರ, ನಿಮ್ಮದ ಐತಿ,” ಎಂದ. ನಮ್ಮ ಕೌದಿ, ಹಿಟ್ಟಿನ ಡಬ್ಬಿಗಳನ್ನು ಕೂಡ ಇಳಿಸಿಕೊಳ್ಳಲು ಅವರು ನಿಲ್ಲಲಿಲ್ಲ. ನಾನು ಬದುವಿನ ತನಕ ಜೀಪಿನ ಹಿಂದೆ ಓಡಿದೆ.

ನಿಮ್ಮದ ಐತಿ! ಇಂದಿಗೂ ಆ ಎರಡು ಶಬ್ದ ನೆನೆದರೆ ನನ್ನ ಕಿವಿ ಬಿಸಿಯಾಗುತ್ತವೆ. ಯಾರದ್ದು? ಯಾರು ನೆಲದ ಮೇಲೆ ಮಲಗಿ ಅಳತೆ ಕೊಟ್ಟಿದ್ದರು? ಯಾರ ಬೆರಳು ಉಣ್ಣೆ ತುಂಬಿ ತಗಡಿಗೆ ಕೊಯ್ದುಕೊಂಡಿದ್ದವು?

ಒಂದು ದಿನವಾಯಿತು, ಎರಡಾಯಿತು, ಮೂರಾಯಿತು. ಅವ್ವ ಕೇಳಿದಾಗಲೆಲ್ಲ ಅಪ್ಪ “ಇವತ್ತ ಕೊಡತಾರ” ಎನ್ನುತ್ತಲೇ ಇದ್ದ. ನಾಲ್ಕನೇ ದಿನ ಅವ್ವ ನನ್ನನ್ನು ಕರೆದುಕೊಂಡು ತೋಟಕ್ಕೇ ಹೋದಳು. ಗಾಡಿ ಪಂಪಿನ ಮನೆಯ ಪಕ್ಕ ಒಂದು ಕಡೆಗೆ ವಾಲಿ ನಿಂತಿತ್ತು. ಹೊಳೆಯ ಕಲ್ಲಿನಲ್ಲಿ ಓಡಿಸಿ ಒಂದು ಪಾಟಾ ಮುರಿದಿದ್ದರು. ಅಷ್ಟೇ ಆಗಿದ್ದರೆ ಮಾಮಾ ಸರಿ ಮಾಡುತ್ತಿದ್ದ. ಮುರಿದದ್ದನ್ನು ತಂದು ನಿಲ್ಲಿಸಿ, ಹೇಗೂ ಬಾಗಿಲಿದೆಯೆಂದು, ದ್ರಾಕ್ಷಿಗೆ ಹೊಡೆಯುವ ಔಷಧದ ಕ್ಯಾನುಗಳನ್ನು ಅದರಲ್ಲಿ ತುಂಬಿದ್ದರು. ಒಂದೆರಡು ಉರುಳಿ ಸೋರಿದ್ದವು. ಬಾಗಿಲು ತೆಗೆದ ಕೂಡಲೇ ಕಣ್ಣು ಉರಿಯಿತು. ಮಾಳುವಿನ ಕೌದಿಯಿಂದ ಯಾರೋ ನೆಲ ಒರೆಸಿ, ಅಲ್ಲೇ ಒಗೆದಿದ್ದರು.

ದೊಡ್ಡ ಸಾವುಕಾರರು ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಅವರ ಮುಂದೆ ನಿಂತಳು.

“ಸಾವ್ಕಾರ್ರ, ನಿಮ್ಮ ಮಗನ್ನ ಕರೀರಿ. ತಾ ಮಾಡಿದ್ದು ತಾ ತೊಳೀಲಿ. ತಪ್ಪಾತು ಅನ್ಲಿ.”

“ಒಂದ್ ಡಬ್ಬಿ ಸಲುವಾಗಿ ಇಷ್ಟ್ ರಂಪ್ ಮಾಡ್ತಿಯೇನ?” ಎಂದರು ಅವರು. “ನಿನ್ನ ಗಂಡ ತಾನಾಗಿ ಕೊಟ್ಟಾನ.”

“ಅದು ಗಂಡಂದಲ್ರಿ. ನಂದು. ನನ್ನ ಕೂಸಿಂದು.”

ಅಲ್ಲಿದ್ದ ಆಳುಗಳು ನಕ್ಕರು. ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಅಪ್ಪ ಓಡಿಬಂದ. ಈಗ ಅವನು ಅವ್ವನ ಪರ ನಿಲ್ಲುತ್ತಾನೆ ಎಂದು ನಾನು ಅಂದುಕೊಂಡೆ. ದೇವರಾಣೆಗೂ ಅಂದುಕೊಂಡೆ. ಅವನು ತಲೆಯ ರುಮಾಲು ತೆಗೆದು, ಕೈ ಜೋಡಿಸಿ, ಸಾವುಕಾರರಿಗೆ ಹೇಳಿದ: “ತಪ್ಪಾತ್ರಿ. ಹೆಣ್ಮಕ್ಕಳ ಮಾತು, ಮನಸಿಗಿ ಹಚ್ಕೋಬ್ಯಾಡ್ರಿ.”

ತಪ್ಪಾಯಿತು ಎಂಬ ಮಾತು ಆ ದಿನ ಆಡಲ್ಪಟ್ಟಿತು ನಿಜ. ಆಡಿದವನು ನನ್ನ ಅಪ್ಪ.

ಅವ್ವ ಒಂದು ಗಳಿಗೆ ಅವನನ್ನು ನೋಡಿದಳು. ನೇರ ಹೊಲಕ್ಕೆ ಬಂದು, ಕುರಿ ಕೂಡುವ ಬಲೆಯ ಗೂಟ ಕಿತ್ತು, ನಡುಮಧ್ಯಾಹ್ನ ಇಡೀ ಹಿಂಡನ್ನು ಎಬ್ಬಿಸಿದಳು. ಆ ಹೊಲದಲ್ಲಿ ಇನ್ನೂ ನಾಲ್ಕು ರಾತ್ರಿ ಕುರಿ ತರುಬುವ ಮಾತಾಗಿತ್ತು. “ಒಂದ್ ಹಿಕ್ಕಿ ಬೀಳಂಗಿಲ್ಲ ಇವರ ಮಣ್ಣಿಗಿ,” ಎಂದಳು. ನಾನು ಕೂಗು ಹಾಕಿ ಕುರಿ ಹೊಡೆದೆ. ಜೀವನದಲ್ಲಿ ಅಷ್ಟು ಜೋರಾಗಿ ಎಂದೂ ಕೂಗಿಲ್ಲ. ಅಪ್ಪ ಬಹಳ ಹಿಂದೆ, ಬರಿ ಮೋಟರ್‌ಸೈಕಲ್ ನೂಕುತ್ತ ಬರುತ್ತಿದ್ದ.

ಮಾಮಾ ಎರಡು ದಿನದ ಮೇಲೆ ಹೋಗಿ ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಎಳೆದು ತಂದ. ಸೋಪು, ಬೂದಿ, ಬಿಸಿನೀರು ಹಾಕಿ ತಿಕ್ಕಿದ. ಪಾಟಾ ಕೂಡಿಸಿದ. ಅವ್ವ ಶಿರಗುಪ್ಪಿಗೆ ಹೋಗಿ ಒಳಗೆ ತಲೆ ಹಾಕಿ ಮೂಸಿದಳು. ನಾವು ತುಂಬಿದ ಉಣ್ಣೆ ಆ ವಿಷವನ್ನೆಲ್ಲ ಕುಡಿದು ಕೂತಿತ್ತು.

“ತಗಡಾ ಬಿಚ್ಚಿ ಬ್ಯಾರೆ ಉಣ್ಣಿ ತುಂಬೂಣಕ್ಕಾ. ಹೊಸಾದ ಮಾಡಿ ಕೊಡತೀನಿ,” ಎಂದ ಮಾಮಾ. ಅವನ ಕಣ್ಣಲ್ಲಿ ನೀರಿತ್ತು.

“ಬ್ಯಾಡ ಸಿದ್ದ್ಯಾ. ನೀ ಹೊಸಾದ ಮಾಡತಿ. ಇವಳಪ್ಪ ಮತ್ತ ಕೊಡತಾರ.”

ಅವ್ವ ಮರುವರ್ಷದಿಂದ ಕುರಿಯ ಹಿಂದೆ ಹೋಗಲಿಲ್ಲ. ಮಾಳುವನ್ನೂ ನನ್ನನ್ನೂ ಕಟ್ಟಿಕೊಂಡು ಕಬ್ಬೂರಿನಲ್ಲೇ ಉಳಿದು, ಕಂಡವರ ಹೊಲದಲ್ಲಿ ಕಳೆ ತೆಗೆದಳು. ನನ್ನ ಶಾಲೆ ನೆಟ್ಟಗಾದದ್ದು ಹಾಗೆ. ಇವತ್ತು ನಾನು ರಾಯಬಾಗ ತಾಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿರುವುದಕ್ಕೆ ಆ ಅವಮಾನಕ್ಕೆ ಋಣಿಯಾಗಿರಬೇಕೆಂದು ಕೆಲವರು ಹೇಳುತ್ತಾರೆ. ನಾನು ಋಣಿಯಲ್ಲ. ಗಾಡಿಯೂ ಇದ್ದು ಶಾಲೆಯೂ ಇರಬಹುದಿತ್ತು.

ಮೊನ್ನೆ ನನ್ನ ಸಹೋದ್ಯೋಗಿ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಯಾವುದೋ ದ್ರಾಕ್ಷಿತೋಟದಲ್ಲಿ ಹನಿಯಾಕಾರದ ಗಾಡಿಗಳ ಸಾಲು. ಮುಚ್ಚಳ ಎತ್ತಿ ಚಹಾ ಕಾಯಿಸುವ ಗಂಡಹೆಂಡತಿ. “ಒಂದ್ ರಾತ್ರಿ ಬಯಲಾಗ ಮಲಗಾಕ ಎಷ್ಟ್ ರೊಕ್ಕಾ ಕೊಡತಾರ ನೋಡ್ರಿ ಟೀಚರ್! ಹೊಸಾ ಐಡಿಯಾ!” ನಮ್ಮಲ್ಲಿ ಅದು ಇಪ್ಪತ್ತು ವರ್ಷದ ಹಿಂದೆಯೇ ಇತ್ತು ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ಬಯಲಲ್ಲಿ ನಾವು ಮಲಗಿದರೆ ದರಿದ್ರ, ರೊಕ್ಕ ಇದ್ದವರು ಮಲಗಿದರೆ ಮಜಾ. ಈ ಲೆಕ್ಕ ಬರೆದವರು ಯಾರು?

ಆ ಸಿಟ್ಟಿನಲ್ಲೇ ಊರಿಗೆ ಹೋದೆ. ಗಾಡಿ ಯಾಕೆ ಕೊಟ್ಟೆಯೆಂದು ಅಪ್ಪನನ್ನು ಮೊದಲ ಸಲ ನೇರವಾಗಿ ಕೇಳಿದೆ. ಹಿಂಡು ಮಾರಿ ಅವನಿಗೆ ಆರು ವರ್ಷವಾಗಿದೆ. “ಅವತ್ತ ನಾ ಕೊಡದಿದ್ರ ಮುಂದಿನ ವರ್ಷ ಆ ದಾರಿಯಾಗ ಯಾರ್ ಕರೀತಿದ್ರವಾ?” ಎಂದ. ಉತ್ತರ ಅವನಲ್ಲಿ ಸಿದ್ಧವಿತ್ತು. ಬಹುಶಃ ಇಷ್ಟು ವರ್ಷವೂ ಇಟ್ಟುಕೊಂಡೇ ಕೂತಿದ್ದ.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ನನ್ನ ಮೊಬೈಲಿಗೆ ಹಾಕಿಸಿಕೊಂಡಿದ್ದ ಫೋಟೊ ತೋರಿಸಿ, “ಸಿದ್ದುಮಾಮಾಗ ಹೇಳಿ ನಿನಗೊಂದು ಮಾಡಸ್ಲೇನವ್ವಾ? ರೊಕ್ಕಾ ನಾ ಕೊಡತೀನಿ. ಚೈತ್ರದ ಸೂಟಿಗಿ ಹಳೇ ದಾರಿ ಹಿಡದು ಹೋಗಿ ಬರೂಣು,” ಎಂದೆ.

ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮೊರ ಮತ್ತೆ ಕೈಗೆತ್ತಿಕೊಂಡಳು.

“ಯಾ ದಾರಿ? ಹೊಲಕ್ಕೆಲ್ಲಾ ತಂತಿ ಹಾಕ್ಯಾರ. ಒಳಗ ಕಬ್ಬು, ದ್ರಾಕ್ಷಿ. ಎಲ್ಲಿ ನಿಲ್ಲಸ್ತಿ ನೀ ಗಾಡಿನ?”

ಅಪ್ಪ ಕಟ್ಟೆಯ ಮೇಲಿಂದ ಏನೋ ಹೇಳಲು ಹೋದ. ಅವ್ವ ಅವನ ಕಡೆ ತಿರುಗದೆ, ಜೋಳದ ಧೂಳು ಹಾರಿಸುತ್ತ ಕೂತಳು.