ಅವರೆಕಾಳಿನ ಫೈನು

ದೇವನಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆ ಓನರ್ ಅಜ್ಜಿಯ ಮನೆಗೆ ಒತ್ತಿಕೊಂಡೇ ಇತ್ತು. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಹನ್ನೊಂದು ತಿಂಗಳ ಕರಾರು ಮುಗಿದಿದ್ದರೂ ಹೊಸದು ಮಾಡಿಸಿರಲಿಲ್ಲ. ಬಾಡಿಗೆ ಕೊಡುವುದು, ಇನ್ನೊಂದು ತಿಂಗಳು ಇರುವುದು, ಹೀಗೇ ನಡೆದಿತ್ತು.

ಆ ಚಳಿಗಾಲ ನಮ್ಮ ಯಜಮಾನರ ಸಂಬಳ ತಡವಾಗತೊಡಗಿತು. ಐದನೇ ತಾರೀಖು ದಾಟಿದರೆ ದಿನಕ್ಕೆ ನೂರು ರೂಪಾಯಿ ಫೈನು ಎಂದು ಕರಾರಿನಲ್ಲಿತ್ತು. ತಡವಾಗಿ ಬಂದವರಿಗೆ ಫೈನ್ ಹಾಕುವ ಕಾನ್ವೆಂಟಿನಲ್ಲಿ ಓದಿದವಳು ನಾನು. ಕೇಳುವ ಮೊದಲೇ ಫೈನಿನ ದುಡ್ಡನ್ನೂ ಬೇರೆ ಕವರಿನಲ್ಲಿಟ್ಟು ಒಯ್ದೆ. ಅಜ್ಜಿ ಆ ಕವರನ್ನು ನನ್ನ ಕೈಗೇ ತುರುಕಿದರು.

"ಇದನ್ನ ನೀನೇ ಇಟ್ಕೋ. ಬಾ ಇಲ್ಲಿ, ಕೂತ್ಕೊಂಡು ಬೇಳೆ ಹಿತಕು."

ಅವರ ಮುಂದೆ ದೊಡ್ಡ ಪಾತ್ರೆಯ ತುಂಬ ನೆನೆದ ಅವರೆಕಾಳು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ನನ್ನ ಮೊದಲ ಬೇಳೆ ಅಜ್ಜಿಯ ಕನ್ನಡಕಕ್ಕೇ ಬಡಿಯಿತು. ಮೂರು ತಿಂಗಳು ನಮ್ಮ ಬಾಡಿಗೆ ತಡ; ಮೂರು ತಿಂಗಳೂ ನನ್ನ ಬೆರಳಿಗೆ ಅವರೆಯ ಸೊಗಡು.

ಫೆಬ್ರವರಿಯ ಒಂದು ಭಾನುವಾರ ಹೊಸಕೋಟೆಯಲ್ಲಿದ್ದ ಅಜ್ಜಿಯ ಮಗ ಬಂದರು. ಊಟಕ್ಕೆ ಕೂತಲ್ಲಿಗೇ ನನ್ನನ್ನು ಕರೆಸಿ, ಜಾಸ್ತಿ ಬಾಡಿಗೆ ಕೊಡುವವರು ಸಿಕ್ಕಿದ್ದಾರೆ, ಮುಂದಿನ ಭಾನುವಾರಕ್ಕೆ ಖಾಲಿ ಮಾಡಿ ಎಂದರು. ಮಗಳ ವಾರ್ಷಿಕ ಪರೀಕ್ಷೆ ಹತ್ತಿರವಿತ್ತು. ಒಂದು ವಾರದಲ್ಲಿ ಎಲ್ಲಿಗೆ ಹೋಗುವುದು? ಓಡಿ ಹೋಗಿ ಕರಾರು ಪತ್ರ ತಂದೆ. ಕೊನೆಯ ಸಾಲು ಓದಿದೆ: ಅವಧಿ ಮುಗಿದ ಮೇಲೂ ಇದೇ ಷರತ್ತು, ಮನೆ ಬಿಡಿಸಲು ಒಂದು ತಿಂಗಳ ನೋಟಿಸು ಕೊಡಬೇಕು.

ಅದೆಲ್ಲ ನೆಟ್ಟಗೆ ಬಾಡಿಗೆ ಕಟ್ಟುವವರಿಗೆ ಎಂದರು ಅವರು. ಮೂರು ತಿಂಗಳು ಲೇಟು, ಒಂದು ಪೈಸೆ ಫೈನು ಕಟ್ಟಿಲ್ಲ, ಷರತ್ತು ಮುರಿದವರು ನೀವೇ ಅಲ್ಲವೇ ಎಂದು ಕೇಳಿದರು.

ಮಗನ ತಟ್ಟೆಗೆ ಸಾರು ಬಿಡುತ್ತಿದ್ದ ಅಜ್ಜಿ ಸೌಟನ್ನು ಅಲ್ಲೇ ನಿಲ್ಲಿಸಿದರು.

"ಫೈನು ವಸೂಲಾಗೈತೆ ಕಣ್ಲಾ. ನೀನೀಗ ಉಣ್ತಾ ಇರೋ ಬೇಳೆ ಹಿತಕಿದ್ದು ಯಾರು, ನಿಮ್ಮಪ್ಪನಾ?"

"ಅಮ್ಮಾ, ಅದೆಲ್ಲ ಲೆಕ್ಕಕ್ಕೆ ಬರಲ್ಲ."

"ಹಂಗಾರೆ ಉಣ್ಬೇಡ ಬಿಡು."

ಮಗ ಮುದ್ದೆಯ ತುತ್ತು ಮುರಿದು ಮತ್ತೆ ತಟ್ಟೆಗೇ ಇಟ್ಟರು. ಆಮೇಲೆ ನನ್ನ ಕಡೆ ನೋಡದೆ, ಮಗು ಪರೀಕ್ಷೆ ಬರೆಯಲಿ, ಖಾಲಿ ಮಾಡಿಸುವುದಾದರೆ ನೋಟಿಸು ಕೊಟ್ಟೇ ಮಾಡಿಸುತ್ತೇನೆ ಎಂದು ಹೇಳಿ ತಟ್ಟೆಯನ್ನು ಸೌಟಿನ ಕೆಳಗೆ ಸರಿಸಿದರು. ಆ ನೋಟಿಸು ಕೊನೆಗೂ ಬರಲೇ ಇಲ್ಲ.

ಮುಂದಿನ ತಿಂಗಳು ಸಂಬಳ ಸಮಯಕ್ಕೆ ಬಂತು, ಒಂದನೇ ತಾರೀಖೇ ಬಾಡಿಗೆ ಒಯ್ದೆ. ಅಜ್ಜಿ ಬೀಜ ಬಿಡಿಸಲು ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಕುಳಿತಿದ್ದರು. ಕವರು ನೋಡಿ ಅವರ ಮುಖ ಸಣ್ಣಗಾಯಿತು.

"ಇಷ್ಟು ಬೇಗ ಯಾಕವ್ವಾ ತಂದೆ?"

ಕವರನ್ನು ದೇವರ ಪಟದ ಹಿಂದಿಟ್ಟು, ಅವರ ಪಕ್ಕದಲ್ಲಿ ಚಾಪೆ ಎಳೆದುಕೊಂಡು ಕುಳಿತೆ.