ಕೊಂಡ ಹಾಯದೆ ಕೆಂಡವಾದದ್ದು

ಮೊದಲೇ ಹೇಳಿಬಿಡುತ್ತೇನೆ, ನನಗಿನ್ನೂ ಸಿಟ್ಟು ಇಳಿದಿಲ್ಲ. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರಾಗಿ ಕೂತು, ಅಪಾಯಿಂಟ್‌ಮೆಂಟ್ ಸಿಗಲಿಲ್ಲವೆಂದು ಕೂಗಾಡುವವರನ್ನೆಲ್ಲ ಇಷ್ಟು ವರ್ಷ ನಗುನಗುತ್ತ ಸಮಾಧಾನ ಮಾಡಿ ಕಳಿಸಿದವಳು ನಾನು. ಅಂಥವಳನ್ನು ಡರ್ಬಿಯಾಚೆಯ ಒಂದು ಬಯಲಿನಲ್ಲಿ, ಶಾಂತಿಗೆ ಹೆಸರಾದ ಬೌದ್ಧರ ನಡುವೆ, ಕೆಂಡಾಮಂಡಲ ಮಾಡಿಬಿಟ್ಟರು. ಮಾಡಿದವರು ಇಬ್ಬರು. ಅವರಲ್ಲೊಬ್ಬರು ನನ್ನ ಯಜಮಾನರು.

ಹಿಂದಿನ ವರ್ಷ ಇವರಿಗೆ ಹೃದಯದ ಬೈಪಾಸ್ ಆಯಿತು. ಆಪರೇಷನ್ ನಡೆಯುತ್ತಿದ್ದಾಗ ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ನೂರಕ್ಕೆ ಎಷ್ಟು ಜನ ಬದುಕುತ್ತಾರೆಂಬುದು ನನಗೆ ಬಾಯಿಪಾಠ. ಆದರೂ ಬಾಯಿ ತಾನಾಗಿಯೇ, "ತಾಯಿ ಮಾರಮ್ಮ, ಇವರನ್ನ ಉಳಿಸಿಕೊಡು, ಕೊಂಡ ಹಾಯ್ತೀನಿ" ಎಂದಿತು. ನಮ್ಮ ಮೈಸೂರಿನ ಕಡೆ ಗುಡಿಯ ಮುಂದೆ ಕೆಂಡ ಹರಡಿ, ಹರಕೆ ಹೊತ್ತವರು ಬರಿಗಾಲಲ್ಲಿ ದಾಟುವುದಕ್ಕೆ ಕೊಂಡ ಹಾಯುವುದು ಎನ್ನುತ್ತೇವೆ. ನಾನು ಅದನ್ನು ಚಿಕ್ಕಂದಿನಲ್ಲಿ ದೂರದಿಂದ ನೋಡಿದ್ದು ಅಷ್ಟೇ. ವೈದ್ಯಕೀಯ ಓದಿದವಳ ಬಾಯಲ್ಲಿ ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಇವರು ಉಳಿದರು. ಹುಷಾರಾದ ಮೇಲೆ ಹರಕೆಯ ಸುದ್ದಿ ಕೇಳಿ, ಎದೆಯ ಹೊಲಿಗೆ ನೋಯುವಷ್ಟು ನಕ್ಕರು.

ನಗಲಿ. ನಿದ್ದೆಗೆಟ್ಟವಳು ನಾನು. ನಮ್ಮೂರಿನ ಕೊಂಡ ಬೀಳುವುದು ಇಲ್ಲಿಯ ಈಸ್ಟರ್ ಹೊತ್ತಿಗೆ. ಆಗ ರಜೆಯೆಲ್ಲ ಚಿಕ್ಕ ಮಕ್ಕಳಿರುವ ಡಾಕ್ಟರುಗಳ ಪಾಲು. ಮಾರಮ್ಮನಿಗೆ ಡ್ಯೂಟಿ ಹಂಚುವ ರೋಟಾ ಎಂದರೇನೆಂದು ಹೇಗೆ ತಿಳಿಸಿ ಹೇಳುವುದು? ಇವರು ಮೆಟ್ಟಿಲು ಹತ್ತಿ ಒಂದು ಸಲ ಏದುಸಿರು ಬಿಟ್ಟರೂ ಸಾಕು, ಹರಕೆ ಬಾಕಿ ಇದೆಯಲ್ಲ ಎಂದು ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಆಗ ನಮ್ಮ ರಿಸೆಪ್ಷನಿಸ್ಟ್ ಹೇಳಿದಳು: ಜಪಾನಿನಿಂದ ಬೌದ್ಧ ಭಿಕ್ಷುಗಳು ಬರುತ್ತಾರೆ, ಬೆಂಕಿಯ ಮೇಲೆ ನಡೆಯುತ್ತಾರೆ, ನೋಡಲು ಹೋದವರೂ ನಡೆಯಬಹುದು. ನನಗೆ ಕೈಯೆತ್ತಿ ಮುಗಿಯುವಂತಾಯಿತು. "ಜಪಾನ್ ಬ್ರಾಂಚಲ್ಲಿ ಕಟ್ಟಿದ್ರೆ ನಿಮ್ಮ ಮಾರಮ್ಮ ಒಪ್ತಾಳೇನೇ?" ಎಂದು ಇವರು ಕಿಚಾಯಿಸಿದರು. ಯಾಕೆ ಒಪ್ಪಬಾರದು? ಆ ಭಿಕ್ಷುಗಳು ತಮ್ಮ ಅಗ್ನಿಕಾರ್ಯಕ್ಕೆ 'ಗೋಮ' ಎನ್ನುತ್ತಾರಂತೆ. ಅದು ನಮ್ಮ ಹೋಮವೇ, ಚೀನಾ ಸುತ್ತಿ ಜಪಾನು ಸೇರುವಷ್ಟರಲ್ಲಿ ಒಂದಕ್ಷರ ಸವೆದಿದೆ. ಹಳಗನ್ನಡದ ಪಾಲನ್ನು ಹಾಲು ಮಾಡಿಕೊಂಡ ನಾವು ಅವರನ್ನು ಆಡಿಕೊಳ್ಳುವ ಹಾಗಿಲ್ಲ.

ಅವರು ಬಂದ ಶನಿವಾರ ಹಳದಿ ಸೀರೆ ಉಟ್ಟು, ಮೇಲೆ ರೇನ್‌ಕೋಟ್ ಹಾಕಿಕೊಂಡು ಇವರ ಜೊತೆ ಹೋದೆ. ಉಪವಾಸವೂ ಇತ್ತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಬೇಕಲ್ಲ, ಅದಕ್ಕೆ ಎರಡು ಇಡ್ಲಿ ತಿಂದಿದ್ದೆ. ಅಭ್ಯಾಸಬಲ ನೋಡಿ, ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟೆ. ಉಳಿದವರೆಲ್ಲ ಬೂಟು ಹಾಕಿಕೊಂಡೇ ಬೆಂಕಿಯ ಪಕ್ಕದ ತನಕ ಹೋಗುತ್ತಿದ್ದರು. ಒದ್ದೆ ಹುಲ್ಲಿನ ನಡುವಿನ ತುರಿಕೆ ಗಿಡ ತುಳಿದು, ಕೆಂಡ ಕಾಣುವ ಮೊದಲೇ ನನ್ನ ಅಂಗಾಲು ಉರಿಯುತ್ತಿತ್ತು. ಶಂಖ ಊದಿದರು, ಮಂತ್ರ ಹೇಳಿದರು, ಹಸಿರು ಸೊಪ್ಪಿನ ಹೊಗೆ ಮುಗಿಲಿಗೇರಿತು. ಮಡಚುವ ಕುರ್ಚಿಗಳಲ್ಲಿ ಕೂತ ಇಂಗ್ಲಿಷರು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಸಾಲಿನಲ್ಲಿ ಕಿತ್ತಳೆ ಜಾಕೆಟ್ಟಿನ ಸ್ವಯಂಸೇವಕಿಯೊಬ್ಬಳು ಪ್ರತಿಯೊಬ್ಬರನ್ನೂ ವಿಚಾರಿಸುತ್ತಿದ್ದಳು. ಹೃದಯದ ತೊಂದರೆ? ಡಯಾಬಿಟಿಸ್? ದೇವರ ಕೆಲಸಕ್ಕೆ ನಿಂತು ಸುಳ್ಳು ಹೇಳುವುದೇ? "ಡಯಾಬಿಟಿಸ್ ಇದೆ" ಎಂದೆ.

"ಸಾರಿ, ಲವ್. ಶುಗರ್ ಇರೋರು ಬರಿಗಾಲಲ್ಲಿ ನಡೀಬಾರ್ದು. ನಿಮ್ಮ ಜಿಪಿ ಹೇಳಿಲ್ವಾ?"

ನಿಮ್ಮ ಜಿಪಿ ಹೇಳಿಲ್ವಾ! ದಿನ ಬೆಳಗಾದರೆ ರೋಗಿಗಳಿಗೆ ನಾನು ಹೇಳುವ ಮಾತನ್ನು ನನಗೇ ತಿರುಗಿಸಿ ಹೇಳುತ್ತಾಳೆ, ಅದೂ ಚಿಕ್ಕ ಮಗುವನ್ನು ಮುದ್ದಿಸುವಂತೆ ಲವ್ ಎಂದು ಕರೆದು! "ನಾನೇ ಜಿಪಿ!" ಎಂದು ಗುಡುಗಿದೆ. "ಹಾಗಿದ್ರೆ ನಿಮಗೆ ಗೊತ್ತೇ ಇರುತ್ತೆ, ಲವ್" ಎಂದು ನಕ್ಕು, ನನ್ನ ಭುಜ ತಟ್ಟಿ ಪಕ್ಕಕ್ಕೆ ಸರಿಸಿದಳು. ನನ್ನ ಪಾದಕ್ಕೆ ಸ್ಪರ್ಶಜ್ಞಾನ ಚೆನ್ನಾಗಿದೆ, ಈಗ ತಾನೇ ತುರಿಕೆ ಗಿಡ ಅದನ್ನು ಪರೀಕ್ಷಿಸಿ ನೋಡಿದೆ ಎಂದೆಲ್ಲ ವಾದಿಸಿದೆ. ಕೇಳುವವರೇ ಇಲ್ಲ. ಒಂದು ವರ್ಷ ಹೊತ್ತ ಹರಕೆಯನ್ನು ಹಾಗೇ ಹೊತ್ತುಕೊಂಡು ಮನೆಗೆ ಹೋಗಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಆ ಉರಿಯನ್ನು ತೋಡಿಕೊಳ್ಳೋಣವೆಂದು ತಿರುಗಿದರೆ ಇವರು ಪಕ್ಕದಲ್ಲಿಲ್ಲ. ಸಾಲಿನ ಮುಂದುಗಡೆ ಪ್ಯಾಂಟು ಮಡಚಿ, ಬರಿಗಾಲಲ್ಲಿ ನಿಂತಿದ್ದಾರೆ. "ಹೃದಯದ ತೊಂದರೆ?" ಎಂದು ಅವಳು ಕೇಳಿದಳು. ಅಂಗಿಯ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡಿದ್ದ ಮಹಾನುಭಾವರು, "ಇಲ್ಲವೇ ಇಲ್ಲ" ಎಂದರು. ನಿಜ ಹೇಳಿದವಳು ಹೊರಗೆ, ಸುಳ್ಳು ಹೇಳಿದವರು ಒಳಗೆ. ಇದು ಯಾವ ನ್ಯಾಯ, ನೀವೇ ಹೇಳಿ.

ಶುದ್ಧಿಗೆಂದು ಇಟ್ಟಿದ್ದ ಉಪ್ಪನ್ನು ತುಳಿದು ಇವರು ಕೆಂಡದ ಮೇಲೆ ಕಾಲಿಟ್ಟರು. "ರೀ!" ಎಂದು ಕಿರುಚಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಕೆಟ್ಟ ಬಾಯಿ, "ತಾಯಿ, ಇವರನ್ನ ಆ ಕಡೆ ದಾಟಿಸು, ಮುಡಿ ಕೊಡ್ತೀನಿ" ಎಂದುಬಿಟ್ಟಿತು.

ದಾಟಿದರು. ಪಾದದ ಬೂದಿ ಒರೆಸಿಕೊಳ್ಳುತ್ತ ಬಂದು, "ಏನೂ ಆಗಲಿಲ್ಲ ಕಣೇ. ನಿನ್ನ ಬದಲು ನಾನೇ ಹಾಯ್ದೆ. ಹರಕೆ ತೀರಿತು ತಾನೇ? ಇವತ್ತಿಂದಾದರೂ ನಿದ್ದೆ ಮಾಡು" ಎಂದರು. ಆ ಮಾತಿಗೆ ಸಿಟ್ಟು ಇಳಿಯಬೇಕಿತ್ತು. ಇಮ್ಮಡಿಯಾಯಿತು. ಯಾರ ಜೀವಕ್ಕೆಂದು ಹರಕೆ ಹೊತ್ತೆನೋ, ಅವರೇ ಆ ಜೀವವನ್ನು ಒಯ್ದು ಬೆಂಕಿಯ ಮೇಲೆ ನಿಲ್ಲಿಸಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

"ತೀರಿತು" ಎಂದೆ. ಮುಡಿಯ ವಿಷಯ ಇವತ್ತಿಗೂ ಹೇಳಿಲ್ಲ. ಹೇಳಿದರೆ ನನ್ನ ಬದಲು ತಾವೇ ಹೋಗಿ, ಇರುವ ನಾಲ್ಕು ಕೂದಲನ್ನೂ ಬೋಳಿಸಿಕೊಂಡು ಬಂದಾರು.