ಬೇಡವೆಂದ ನೀರು

"ನನ್ನ ಮಗಗ ಏನಾತವ್ವಾ? ಹೇಳಿಬಿಡು," ಎನ್ನುತ್ತ ಮುದುಕಿ ಹಾಸಿಗೆ ಬಿಟ್ಟೆದ್ದು, ಗೋಡೆ ಹಿಡಿದುಕೊಂಡು ನನ್ನ ಕಡೆಗೆ ಬಂದಳು. ಆಕೆಯ ಮಗ ಯಾರೆಂದೇ ನನಗೆ ಗೊತ್ತಿರಲಿಲ್ಲ.

ಮುದುಕಿಯ ಮಗಳು ಬಸಮ್ಮ ನನಗೆ ಪರಿಚಯವಾದದ್ದು ಒಂದು ತಾಸಿನ ಹಿಂದೆ, ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸಿನಲ್ಲಿ. ತವರಿನಲ್ಲಿ ತಾಯಿಗೆ ಜಡ್ಡು ಜೋರಾಗಿದೆ ಎಂದು ಪಕ್ಕದಲ್ಲಿ ಕೂತು ಅಳುತ್ತಿದ್ದಳು. ಬೇರೆಯವರು ಅತ್ತರೆ ನನಗೂ ತಡೆಯಲಾಗುವುದಿಲ್ಲ. ಮೊದಲಿನಿಂದಲೂ ನನ್ನ ಸ್ವಭಾವವೇ ಹಾಗೆ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಅವಳ ಊರಿನಲ್ಲಿ ನಾನೂ ಇಳಿದೆ. ಮನೆ ಹತ್ತಿರ ಬಂದಂತೆ ಅವಳು ಕಣ್ಣೊರೆಸಿಕೊಂಡಳು. ನನಗಾಗಲಿಲ್ಲ. ಸಂಕೋಚದಿಂದ ಹೊಸ್ತಿಲಾಚೆಯೇ ಅಳುತ್ತ ನಿಂತೆ, ಕೊಟ್ಟ ನೀರನ್ನೂ ಬೇಡವೆಂದೆ.

ಸಾವಿನ ಸುದ್ದಿ ತಂದವರು ಆ ಕಡೆ ಹಾಗೆಯೇ ಹೊರಗೆ ನಿಲ್ಲುತ್ತಾರೆ, ನೀರು ಮುಟ್ಟುವುದಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಮುದುಕಿಯ ಮಗನೋ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿ ತಿಂಗಳಾಗಿತ್ತು, ಸುದ್ದಿಯೇ ಇರಲಿಲ್ಲ.

"ಯವ್ವಾ, ಅಕಿ ಬಸ್ಸಿನ್ಯಾಗ ಸಿಕ್ಕಾಕಿ. ನಿನ್ನ ಸಲುವಾಗಿ ಅಳಾಕತ್ತಾಳ," ಎಂದು ಬಸಮ್ಮ ಎಷ್ಟು ಹೇಳಿದರೂ ಮುದುಕಿ ನಂಬಲಿಲ್ಲ. ನೀರಿನ ತಂಬಿಗೆ ಎತ್ತಿ ನನ್ನ ಮುಂದೆ ಹಿಡಿದಳು.

"ಹಂಗಾದ್ರ ಕುಡಿ."

ಬಿಕ್ಕುತ್ತಲೇ ಅಷ್ಟೂ ನೀರು ಕುಡಿದೆ. ತಂಬಿಗೆ ಬರಿದಾದ ಮೇಲೆಯೇ ಮುದುಕಿ ಕುಸಿದು ಕೂತಳು.

ಕಂಡವರ ಕಷ್ಟಕ್ಕೆ ಅಳುವುದನ್ನು ನನ್ನಿಂದ ಇನ್ನೂ ಬಿಡಲಾಗಿಲ್ಲ. ಆದರೆ ಈಗ ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲು ದಾಟಿ, ನಾನೇ ಕೇಳಿ ನೀರು ಕುಡಿಯುತ್ತೇನೆ.